ಗಲ್ಲೆಯ ಹಿಂದಿನ ಗೋಡೆ

ಮುಂಬೈಯ ಹಳೆಯ ಉಡುಪಿ ಹೋಟೆಲಿಗೆ ಹೋದಾಗ ಗಲ್ಲೆಯ ಹಿಂದಿನ ಗೋಡೆಯನ್ನೊಮ್ಮೆ ನಿಂತು ನೋಡಬೇಕು. ಮೇಲೆ ಉಡುಪಿ ಕೃಷ್ಣನದೋ ಕಟೀಲಿನ ಅಮ್ಮನದೋ ಪಟ, ಪಕ್ಕದಲ್ಲಿ ಹೋಟೆಲು ತೆರೆದ ಹಿರಿಯರ ಕಪ್ಪುಬಿಳುಪು ಫೋಟೋ. ಅದರ ಕೆಳಗೆ ಗಾಜಿನ ಕಟ್ಟು ಹಾಕಿಸಿದ ಕಾಗದಗಳ ಸಾಲು: ಮಹಾನಗರ ಪಾಲಿಕೆಯ ಪರವಾನಗಿ, ಅಂಗಡಿ ಕಾಯ್ದೆಯ ನೋಂದಣಿ, ಆಹಾರ ಸುರಕ್ಷತೆಯ ಲೈಸೆನ್ಸು, ಜಿಎಸ್‌ಟಿ ಪ್ರಮಾಣಪತ್ರ. ಮದ್ಯ ಬಡಿಸುವ ಪರ್ಮಿಟ್ ರೂಮ್ ಇದ್ದರೆ ಅಬಕಾರಿಯದ್ದು ಬೇರೆ. ಒಂದೊಂದು ಕಾಗದಕ್ಕೂ ಒಂದೊಂದು ಇಲಾಖೆ, ಒಂದೊಂದು ಶುಲ್ಕ. ಬೆಳಗಿನ ಇಡ್ಲಿ ಬೇಯುವ ಮೊದಲೇ ಗಲ್ಲೆಗೆ ಬಂದು ಕೂರುವ ಮಾಲೀಕನೊಬ್ಬ ಇಷ್ಟೂ ಇಲಾಖೆಗಳ ಬಾಗಿಲು ತಟ್ಟಿ ತನ್ನ ಕಷ್ಟ ಹೇಳಿಕೊಳ್ಳುವುದು ಆಗದ ಮಾತು. ಆ ಕೆಲಸಕ್ಕೆಂದೇ ಈ ಊರಿನಲ್ಲಿ ಹುಟ್ಟಿದ್ದು ‘ಆಹಾರ್’ ಎಂದು ಎಲ್ಲರೂ ಕರೆಯುವ ಇಂಡಿಯನ್ ಹೋಟೆಲ್ ಅಂಡ್ ರೆಸ್ಟೋರೆಂಟ್ ಅಸೋಸಿಯೇಷನ್.

ಆಹಾರ್ ಸ್ಥಾಪನೆಯಾದದ್ದು 1979ರಲ್ಲಿ. ಅದರ ಬೇರು ಮಾತ್ರ ಇನ್ನೂ ಹಿಂದಿನದು.

ಮಾಟುಂಗದಲ್ಲಿ ಎ. ರಾಮ ನಾಯಕರು 1936ರಲ್ಲಿ ಕೆಫೆ ಮೈಸೂರು ತೆರೆದರು, 1942ರಲ್ಲಿ ರೈಲು ನಿಲ್ದಾಣದ ಎದುರಿಗೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಅವರ ಹಾಗೆ ಕರಾವಳಿಯಿಂದ ಬಂದವರಲ್ಲಿ ಹೆಚ್ಚಿನವರು ಕೈಯಲ್ಲಿ ಹಣವಿಟ್ಟುಕೊಂಡು ಬಂದವರಲ್ಲ. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಮ್ಯಾನೇಜರ್ ಆಗಿ, ಕೊನೆಗೆ ಪಾಲುದಾರಿಕೆಯಲ್ಲಿ ಒಂದು ಪುಟ್ಟ ಹೋಟೆಲು ಹಿಡಿದವರು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಸ್ಲೇಟು ಹಿಡಿದು ಕೂರಲೆಂದು ನಮ್ಮ ಹಿರಿಯರು ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘದಂಥ ಸಂಸ್ಥೆಗಳು ಇದೇ ಶ್ರಮಿಕರ ಬೆವರಿನಿಂದ ಕಟ್ಟಿದಂಥವು. ಆ ಶಾಲೆಗಳು ಕಲಿಸಿದ್ದು ಅಕ್ಷರ ಮಾತ್ರವಲ್ಲ. ಸರ್ಕಾರಿ ಕಾಗದ ಓದುವುದನ್ನು, ಅರ್ಜಿ ಬರೆಯುವುದನ್ನು, ಸಾಹೇಬರ ಮುಂದೆ ನಿಂತು ತಡವರಿಸದೆ ಮಾತಾಡುವುದನ್ನೂ ಕಲಿಸಿದವು. ಮುಂದೆ ಹೋಟೆಲಿಗರ ಸಂಘಕ್ಕೆ ಬೇಕಾದದ್ದು ಈ ಮೂರೇ ವಿದ್ಯೆಗಳು.

ರಾಜ್ಯ ಸರ್ಕಾರದ ಆಡಳಿತ ಕಚೇರಿಯಾದ ಮಂತ್ರಾಲಯದಲ್ಲಿ ಒಂದು ಸಂಘ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಹೊಸ ಆದೇಶ ಬಂದ ಕೂಡಲೇ ಅದನ್ನು ಸಾಲು ಸಾಲಾಗಿ ಓದಬೇಕು, ಸದಸ್ಯರ ಮೇಲೆ ಅದರ ಹೊರೆ ಎಷ್ಟೆಂದು ಲೆಕ್ಕ ಹಾಕಬೇಕು, ಮನವಿ ಬರೆಯಬೇಕು, ನಿಯೋಗ ಹೋಗಬೇಕು. ಮಾತಿಗೆ ಬಗ್ಗದಿದ್ದರೆ ನ್ಯಾಯಾಲಯ. ಅದಕ್ಕೂ ಆಗದಿದ್ದರೆ ಶಟರ್ ಎಳೆಯುವುದು.

ನ್ಯಾಯಾಲಯದ ದಾರಿಗೆ ದೊಡ್ಡ ಉದಾಹರಣೆ ಡ್ಯಾನ್ಸ್ ಬಾರ್ ಮೊಕದ್ದಮೆ. ನಮ್ಮ ಸಭೆ ಸಮಾರಂಭಗಳಲ್ಲಿ ಇದರ ಮಾತೆತ್ತಲು ಇಂದಿಗೂ ಸಂಕೋಚವಿದೆ. ಆದರೂ ಇದನ್ನು ಬಿಟ್ಟು ಮುಂಬೈಯ ಹೋಟೆಲು ಚರಿತ್ರೆ ಬರೆಯಲು ಬರುವುದಿಲ್ಲ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಪೊಲೀಸ್ ಕಾಯ್ದೆಗೆ 33ಎ, 33ಬಿ ಎಂಬ ಎರಡು ಕಲಮುಗಳನ್ನು ಸೇರಿಸಿತು. ಮೊದಲನೆಯದು ಪರ್ಮಿಟ್ ರೂಮ್, ಬಿಯರ್ ಬಾರ್‌ಗಳಲ್ಲಿ ನೃತ್ಯವನ್ನು ನಿಷೇಧಿಸಿತು. ಎರಡನೆಯದು ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ಅದೇ ನೃತ್ಯಕ್ಕೆ ವಿನಾಯಿತಿ ಕೊಟ್ಟಿತು. ಸಿರಿವಂತ ಕುಳಿತು ನೋಡಿದರೆ ಕಲೆ, ಟ್ಯಾಕ್ಸಿ ಚಾಲಕ ಕುಳಿತು ನೋಡಿದರೆ ಕೇಡು ಎಂಬಂತೆ! ಆಹಾರ್ ಮತ್ತು ಬಾರ್ ನರ್ತಕಿಯರ ಸಂಘಟನೆ ಮುಂಬೈ ಹೈಕೋರ್ಟಿನ ಮೆಟ್ಟಿಲು ಹತ್ತಿದವು. 2006ರ ಏಪ್ರಿಲ್ 12ರಂದು ಹೈಕೋರ್ಟು ನಿಷೇಧವನ್ನು ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2013ರ ಜುಲೈ 16ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು.

ಅಲ್ಲಿಗೂ ಮುಗಿಯಲಿಲ್ಲ. 2014ರಲ್ಲಿ ಮತ್ತೆ ತಿದ್ದುಪಡಿ, 2016ರಲ್ಲಿ ಹೊಸದೇ ಕಾಯ್ದೆ. ಶಾಲೆ, ದೇವಸ್ಥಾನಗಳಿಂದ ಒಂದು ಕಿಲೋಮೀಟರ್ ದೂರವಿರಬೇಕು ಎಂಬ ಷರತ್ತು ಆ ಕಾಯ್ದೆಯ ಜೊತೆಗೆ ಬಂತು. ಮುಂಬೈಯಂಥ ಊರಿನಲ್ಲಿ ಒಂದು ಕಿಲೋಮೀಟರಿನೊಳಗೆ ಶಾಲೆಯೂ ಗುಡಿಯೂ ಇಲ್ಲದ ಜಾಗ ಎಲ್ಲಿದೆ? 2019ರ ಜನವರಿ 17ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ. ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಆ ಷರತ್ತನ್ನು ತೆಗೆದುಹಾಕಿತು, ಒಳಗೆ ಸಿಸಿಟಿವಿ ಕಡ್ಡಾಯ ಎಂಬುದನ್ನೂ ತೆಗೆಯಿತು. ಸಂಜೆ 6ರಿಂದ ರಾತ್ರಿ 11.30ರ ಸಮಯಮಿತಿಯನ್ನು ಮಾತ್ರ ಉಳಿಸಿತು, ನೋಟು ಎರಚುವುದಕ್ಕೆ ಒಪ್ಪಲಿಲ್ಲ. ಹದಿನಾಲ್ಕು ವರ್ಷ ಒಂದೇ ಮೊಕದ್ದಮೆಯ ಬೆನ್ನು ಹತ್ತುವುದು ಒಬ್ಬಿಬ್ಬರು ಮಾಲೀಕರಿಂದ ಆಗುತ್ತಿರಲಿಲ್ಲ. ನೃತ್ಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನಕ್ಷತ್ರದ ಹೋಟೆಲಿಗೊಂದು ನ್ಯಾಯ, ಗಲ್ಲಿಯ ಹೋಟೆಲಿಗೊಂದು ನ್ಯಾಯ ಸಲ್ಲದು ಎಂಬುದು ದೊಡ್ಡ ಮಾತು. ಅದು ಬರೀ ಕಾಫಿ ತಿಂಡಿ ಮಾರುವವನಿಗೂ ಸಲ್ಲುತ್ತದೆ.

ತೆರಿಗೆಯ ಕತೆ ಬೇರೆ ಬಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇ. 12, ಎ.ಸಿ. ಇದ್ದರೆ ಶೇ. 18. ಕೆಳಗೆ ಫ್ಯಾನು, ಮಾಳಿಗೆಯಲ್ಲಿ ಎ.ಸಿ. ಎಂಬ ನಮ್ಮ ಉಡುಪಿ ಹೋಟೆಲುಗಳ ಪದ್ಧತಿಗೆ ಇದು ನೇರವಾಗಿ ತಟ್ಟಿತು. ಮಾಳಿಗೆಯಲ್ಲಿ ಎ.ಸಿ. ಇದ್ದರೆ ಕೆಳಗೆ ಬೆವರೊರೆಸುತ್ತ ತಿಂದ ದೋಸೆಗೂ ಶೇ. 18 ಎಂದು ಅಧಿಕಾರಿಗಳು ಸ್ಪಷ್ಟಪಡಿಸಿದರು. ನೂರು ರೂಪಾಯಿಯ ತಿಂಡಿಗೆ ಹದಿನೆಂಟು ರೂಪಾಯಿ ತೆರಿಗೆ! ಜಿಎಸ್‌ಟಿ ಜಾರಿಗೆ ಬರುವ ಮೊದಲೇ, ಮೇ 30ರಂದು, ಕರ್ನಾಟಕವೂ ಸೇರಿದಂತೆ ದಕ್ಷಿಣದ ಹೋಟೆಲಿಗರು ಬಂದ್ ನಡೆಸಿದ್ದರು. ದೇಶದ ಹೋಟೆಲು ಸಂಘಗಳು ಬಿಡದೆ ಒತ್ತಾಯಿಸಿದವು. ನವೆಂಬರ್ 10ರಂದು ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಎ.ಸಿ. ಇರಲಿ ಬಿಡಲಿ ಶೇ. 5 ಎಂದು ತೀರ್ಮಾನಿಸಿತು. ನವೆಂಬರ್ 15ರಿಂದ ಜಾರಿ. ಆದರೆ ಕೊಟ್ಟ ಕೈಯೇ ಒಂದನ್ನು ಕಸಿದುಕೊಂಡಿತು: ಬಾಡಿಗೆ, ಸಾಮಾನುಗಳ ಮೇಲೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಸೌಲಭ್ಯ ಹೋಯಿತು. ಗಿರಾಕಿಗೆ ಹಗುರಾಯಿತು, ಬಾಡಿಗೆ ಕಟ್ಟಡದಲ್ಲಿ ಹೋಟೆಲು ನಡೆಸುವವನ ಹೊರೆ ಒಳಗೇ ಉಳಿಯಿತು.

ಕೊರೊನಾ ಕಾಲದ ಜಗಳ ಗಡಿಯಾರದ ಮುಳ್ಳಿನ ಮೇಲೆ ನಡೆಯಿತು. 2021ರ ಆಗಸ್ಟ್ ಆರಂಭದಲ್ಲಿ ಮುಂಬೈಯ ಅಂಗಡಿಗಳಿಗೆ ರಾತ್ರಿ 10ರವರೆಗೆ ಅನುಮತಿ ಸಿಕ್ಕಿತು. ಹೋಟೆಲಿಗೆ ಮಾತ್ರ ಸಂಜೆ 4ಕ್ಕೇ ಬಾಗಿಲು. ರಾತ್ರಿಯ ಊಟದಲ್ಲೇ ವ್ಯಾಪಾರವಿರುವವನಿಗೆ ನಾಲ್ಕು ಗಂಟೆಯೆಂದರೆ ಅರ್ಧ ದಿನವೂ ಅಲ್ಲ. ಆಹಾರ್ ಬಹಿರಂಗವಾಗಿಯೇ ಪ್ರತಿಭಟಿಸಿತು. ಆಗಸ್ಟ್ 15ರಿಂದ ಅರ್ಧದಷ್ಟು ಆಸನಗಳೊಂದಿಗೆ, ಲಸಿಕೆ ಪಡೆದ ಕೆಲಸಗಾರರೊಂದಿಗೆ ರಾತ್ರಿ 10ರವರೆಗೆ ತೆರೆಯಲು ಸರ್ಕಾರ ಒಪ್ಪಿತು. ಈ ನಡುವೆ ಊರಿಗೆ ಹೋದ ಹುಡುಗರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ.

ಕೇಳಿದ್ದೆಲ್ಲ ಸಿಗುತ್ತದೆಂದೂ ಇಲ್ಲ. 2022ರಲ್ಲಿ, ಸರ್ಕಾರ ಕಡ್ಡಾಯ ಮಾಡಿದ ಮರಾಠಿ ನಾಮಫಲಕ ಹಾಕಲು ಇನ್ನಷ್ಟು ಸಮಯ ಬೇಕೆಂದು ಆಹಾರ್ ಹೈಕೋರ್ಟಿಗೆ ಹೋದಾಗ ಅರ್ಜಿ ವಜಾ ಆಯಿತು. ಅನ್ನ ಕೊಟ್ಟ ನೆಲದ ನುಡಿಯ ಫಲಕಕ್ಕಾಗಿ ಆ ಹೆಜ್ಜೆ ಇಡಬೇಕಿತ್ತೇ ಎಂಬ ಪ್ರಶ್ನೆ ನಮ್ಮೊಳಗೆ ಏಳುವುದು ಸಹಜ. ನಮ್ಮ ನಾಡಿನಲ್ಲಿ ಕನ್ನಡ ಫಲಕಕ್ಕಾಗಿ ನಾವು ಕೇಳುವುದೂ ಇದನ್ನೇ ಅಲ್ಲವೇ?

ಈಚಿನ ಹೋರಾಟ ಮತ್ತೆ ಪರ್ಮಿಟ್ ರೂಮಿನದು. ಆ ಹೆಸರೇ 1949ರ ಮುಂಬೈ ಪಾನನಿಷೇಧ ಕಾಯ್ದೆಯ ಕಾಲವನ್ನು ನೆನಪಿಸುತ್ತದೆ. ಮಹಾರಾಷ್ಟ್ರದಲ್ಲಿ ಇಂದಿಗೂ ಮದ್ಯದ ಪರವಾನಗಿ ಸಿಗುವುದು ಅದೇ ಕಾಯ್ದೆಯಡಿ. 2023ರ ನವೆಂಬರಿನಲ್ಲಿ ಇಲ್ಲಿ ಬಡಿಸುವ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10ಕ್ಕೇರಿತು. ಆಮೇಲೆ ಪರವಾನಗಿ ಶುಲ್ಕ ಶೇ. 15ರಷ್ಟು ಹೆಚ್ಚಿತು. 2025ರ ಜೂನ್‌ನಲ್ಲಿ ಅಬಕಾರಿ ಸುಂಕದಲ್ಲೂ ಶೇ. 60ರವರೆಗೆ ಏರಿಕೆಯಾಯಿತು. ಅಧ್ಯಕ್ಷ ಸುಧಾಕರ ಶೆಟ್ಟಿ ಅವರ ನೇತೃತ್ವದಲ್ಲಿ ಆಹಾರ್ ಕರೆಕೊಟ್ಟ ಬಂದ್‌ಗೆ ಓಗೊಟ್ಟು ಜುಲೈ 14, ಸೋಮವಾರ ರಾಜ್ಯದಾದ್ಯಂತ ಬಾರುಗಳು ಮುಚ್ಚಿದ್ದವು. ಮಂಗಳವಾರ ಶಟರ್ ಮೇಲೆದ್ದಾಗ ಬಿಲ್ಲಿನಲ್ಲಿ ವ್ಯಾಟ್ ಶೇ. 10 ಎಂದೇ ಇತ್ತು.