ಪಹಣಿ ಪತ್ರಿಕೆ: ಬಳಕೆಯ ವಿನ್ಯಾಸದಲ್ಲಿ ರೂಢಿ ಮತ್ತು ಹೊಸತನ

ಪಹಣಿ ಪತ್ರಿಕೆ ಎಂದರೆ ಕೃಷಿ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ. ಕಚೇರಿಯ ಭಾಷೆಯಲ್ಲಿ ಇದು ಆರ್‌ಟಿಸಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತರ ಬಾಯಲ್ಲಿ ಇದು ಉತಾರ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ತಲಾಟಿಯ (ಗ್ರಾಮಲೆಕ್ಕಿಗನ) ದಫ್ತರದಲ್ಲಿ ಕೈಬರಹದಲ್ಲಿದ್ದ ಈ ದಾಖಲೆ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ 2000–02ರ ಸುಮಾರಿಗೆ ಗಣಕಕ್ಕೆ ಏರಿತು. ಜನರು ನಿತ್ಯ ಬಳಸುವ ವಸ್ತುವನ್ನು ಹೊಸದಾಗಿ ರೂಪಿಸುವಾಗ ಯಾವುದನ್ನು ಮುಟ್ಟಬಾರದು, ಯಾವುದನ್ನು ಧೈರ್ಯವಾಗಿ ಬದಲಿಸಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಒಂದೇ ಯೋಜನೆಯಡಿ ಈ ಬದಲಾವಣೆಗೆ ಒಳಗಾದವು.

ವಿನ್ಯಾಸದ ತತ್ವ

ಕಂಡು ಬಲ್ಲ ವಸ್ತುವಿನತ್ತ ಮನಸ್ಸು ವಾಲುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಾಯಂಟ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಅದಕ್ಕೂ ಮೊದಲು, ರೈಲು ಎಂಜಿನ್‌ನಿಂದ ಹಿಡಿದು ರೆಫ್ರಿಜರೇಟರ್‌ವರೆಗೆ ಬಗೆಬಗೆಯ ವಸ್ತುಗಳಿಗೆ ರೂಪ ಕೊಟ್ಟ ವಿನ್ಯಾಸಕ ರೇಮಂಡ್ ಲೋವಿ, ಜನ ಒಪ್ಪುವ ಗಡಿಯೊಳಗೇ ಎಷ್ಟು ಮುಂದೆ ಹೋಗಬಹುದೋ ಅಷ್ಟು ಹೋಗಬೇಕು ಎಂಬ ಸೂತ್ರವನ್ನು ಮುಂದಿಟ್ಟಿದ್ದರು. ಜನ ತಮ್ಮ ಹೆಚ್ಚಿನ ಸಮಯವನ್ನು ಕಳೆಯುವುದು ಬೇರೆಯವರ ಜಾಲತಾಣಗಳಲ್ಲಿ, ಆದ್ದರಿಂದ ನಿಮ್ಮದೂ ಹಾಗೆಯೇ ನಡೆಯಲಿ ಎಂದು ಬಯಸುತ್ತಾರೆ ಎಂಬುದು ಜಾಲತಾಣಗಳ ಬಳಕೆಯ ತಜ್ಞ ಯಾಕಬ್ ನೀಲ್ಸನ್ ಅವರ ಮಾತಿನ ಸಾರ. ಗಡಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್ ಉದಾಹರಣೆ: 2012ರ ವಿಂಡೋಸ್ 8ರಲ್ಲಿ ತೆಗೆದುಹಾಕಿದ ಸ್ಟಾರ್ಟ್ ಗುಂಡಿಯನ್ನು ಮರುವರ್ಷವೇ 8.1ರಲ್ಲಿ ಮರಳಿ ತರಬೇಕಾಯಿತು.

ಈ ಸೂತ್ರಗಳೆಲ್ಲ ಕೊಳ್ಳುವ ವಸ್ತುಗಳನ್ನು ಕುರಿತವು. ಒಲ್ಲದವನು ಬೇರೆಯದನ್ನು ಕೊಂಡಾನು. ಪಹಣಿಯ ವಿಷಯದಲ್ಲಿ ಆ ಆಯ್ಕೆಯಿಲ್ಲ. ಸೊಸೈಟಿಯ ಬೆಳೆಸಾಲಕ್ಕೆ, ಅಣ್ಣತಮ್ಮಂದಿರ ವಾಟ್ನಿಗೆ (ಪಾಲಿಗೆ), ನೆರೆ ಪರಿಹಾರಕ್ಕೆ ಬೇರೆ ಕಾಗದ ನಡೆಯುವುದಿಲ್ಲ. ಇಂಥಲ್ಲಿ ರೂಢಿಯನ್ನು ಕಾಯುವುದು ಜನರನ್ನು ಮೆಚ್ಚಿಸುವ ಉಪಾಯವಲ್ಲ. ಅವರ ಆಸ್ತಿ ಅವರಿಗೇ ಓದಲು ಬರುವಂತೆ ಉಳಿಸುವ ಹೊಣೆ.

ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬಯಿ ಮೋಜಣಿ ಪದ್ಧತಿ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಕೊಟ್ಟಿತು. ಗ್ರಾಮ ನಮೂನೆ 7 ಮತ್ತು 12 ಸೇರಿದ ‘ಸಾತಬಾರಾ’ ಉತಾರ ಆ ಕಾಲದ್ದು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇಂದಿಗೂ ಅದೇ ಹೆಸರು. ಬೋಜಾ, ವಾರಸಾ, ವಾಟ್ನಿ, ಹಿಸ್ಸಾ ಎಂಬ ಮಾತುಗಳೂ ಆ ಆಡಳಿತದ ಬಳುವಳಿಯೇ. ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಬರಹವೂ ಸಿಗುತ್ತದೆ. 1964ರ ಭೂಕಂದಾಯ ಅಧಿನಿಯಮ ಮತ್ತು 1966ರ ನಿಯಮಗಳು ಬಂದ ಮೇಲೆ ಕರ್ನಾಟಕಕ್ಕೆಲ್ಲ ಒಂದೇ ಪಹಣಿ, ಅಂದರೆ ನಮೂನೆ 16 ಎಂದಾಯಿತು. ನಮೂನೆ ಬದಲಾದರೂ ಹುಕ್ಕೇರಿಯ ರೈತ ಉತಾರ ಎನ್ನುವುದನ್ನು ಬಿಡಲಿಲ್ಲ.

ಕಾಗದದ ಮುಖ

ಪಹಣಿಯ ಕಾಲಂಗಳನ್ನು ಹಳ್ಳಿಯ ಜನ ನಂಬರಿನಿಂದಲೇ ಬಲ್ಲರು. ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರು. ಆ ಜಮೀನು ಅವರಿಗೆ ಯಾವ ಹಕ್ಕು ಬದಲಾವಣೆಯಿಂದ ಬಂತು ಎಂಬುದು ಹತ್ತರಲ್ಲಿ. ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ, ಅಂದರೆ ಬ್ಯಾಂಕಿನ, ಸೊಸೈಟಿಯ ಬೋಜಾ. ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಅಕ್ಷರ ಬಾರದ ರೈತನೂ ಕಾಗದದ ನಡುಭಾಗಕ್ಕೆ ಬೆರಳಿಟ್ಟು “ಇಲ್ಲಿ ನಮ್ಮಪ್ಪನ ಹೆಸರೈತೇನ ನೋಡ್ರಿ” ಎಂದು ಕೇಳಬಲ್ಲ. ಅವನಿಗೆ ಆ ಜಾಗವೇ ಗುರುತು.

ಭೂಮಿ ತಂತ್ರಾಂಶ ಈ ಜಾಗಗಳನ್ನು ಕದಲಿಸಲಿಲ್ಲ. ಗಣಕದಿಂದ ಹೊರಬಂದ ಹಾಳೆಯಲ್ಲೂ ಅದೇ ಕಾಲಂಗಳು ಅದೇ ಅನುಕ್ರಮದಲ್ಲಿ ಉಳಿದವು. ಹೊಸದಾಗಿ ಬರೆಯಲು ಕುಳಿತ ವಿನ್ಯಾಸಕನಿಗೆ ಈ ಹಾಳೆ ಇಕ್ಕಟ್ಟಾಗಿ, ಗಜಿಬಿಜಿಯಾಗಿ ಕಂಡೀತು. ಮಾಲೀಕನ ಹೆಸರನ್ನು ದಪ್ಪಕ್ಷರದಲ್ಲಿ ಮೇಲಕ್ಕೆ ತಂದು, ಉಳಿದದ್ದನ್ನು ಪುಟದ ಹಿಂದಕ್ಕೆ ಸರಿಸಬೇಕೆನಿಸೀತು. ಹಾಗೆ ಮಾಡದೆ ಬಿಟ್ಟದ್ದೇ ಈ ಯೋಜನೆಯ ಅತಿ ದೊಡ್ಡ ಜಾಣತನ ಎನ್ನಬೇಕು. ಹೊಸ ಹಾಳೆಯನ್ನು ಮನೆಯ ಟ್ರಂಕಿನಲ್ಲಿದ್ದ ಹಳೆಯ ಹಾಳೆಯ ಪಕ್ಕಕ್ಕಿಟ್ಟು, ಕಾಲಂಗೆ ಕಾಲಂ ಹೋಲಿಸಿ ನೋಡಲು ಸಾಧ್ಯವಾದದ್ದು ಅದರಿಂದಲೇ. ತಪ್ಪು ಸೇರಿದ್ದರೆ ಹಿಡಿಯುವ ಬೇರೆ ದಾರಿ ರೈತನಿಗೆ ಇರಲಿಲ್ಲ.

ಅಳತೆಯ ವಿಷಯವೂ ಹೀಗೆಯೇ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿ ಎಷ್ಟೋ ವರ್ಷಗಳಾಗಿದ್ದರೂ ಪಹಣಿ ಹೆಕ್ಟೇರಿಗೆ ಹೋಗಲಿಲ್ಲ. ಆದರೆ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಬೀಳುತ್ತದೆ. ಶಾಲೆಯಲ್ಲಿ ದಶಾಂಶ ಕಲಿತ ಮೊಮ್ಮಗ 1.20 ಎಂಬುದನ್ನು ಒಂದೂಕಾಲು ಎಕರೆಗಿಂತ ಕಡಿಮೆ ಎಂದು ಓದುತ್ತಾನೆ. ಅಜ್ಜ ನೋಡಿದ ಕೂಡಲೇ ಒಂದೂವರೆ ಎಕರೆ ಎನ್ನುತ್ತಾನೆ. ಸರಿ ಇರುವುದು ಅಜ್ಜನ ಲೆಕ್ಕ. 5 ಎಕರೆ 10 ಗುಂಟೆ ಜಮೀನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ವಾಟ್ನಿಯಾದರೆ ತಲೆಗೆ 1 ಎಕರೆ 30 ಗುಂಟೆ. 5.10ನ್ನು ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಭಾಗಿಸಿದವನಿಗೆ 1.70 ಬರುತ್ತದೆ, ಜಗಳಕ್ಕೆ ಅಷ್ಟು ಸಾಕು. ಒಂದು ತಲೆಮಾರಿಗೆ ರೂಢಿಯಾದದ್ದು ಇನ್ನೊಂದಕ್ಕೆ ಅಪರಿಚಿತ ಎಂಬುದನ್ನು ವಿನ್ಯಾಸಕರು ಬೇಗ ಮರೆಯುತ್ತಾರೆ. ಚುಕ್ಕಿಯ ಬದಲು ‘ಎ’, ‘ಗುಂ’ ಎಂಬ ಅಕ್ಷರಗಳನ್ನು ಎಲ್ಲೆಡೆ ಅಚ್ಚು ಹಾಕಿದರೆ ಇಬ್ಬರಿಗೂ ಅನುಕೂಲ, ಯಾರಿಗೂ ನಷ್ಟವಿಲ್ಲ.

ಬದಲಾದದ್ದು

ಹೊಸತನವೆಲ್ಲ ಹಾಳೆಯ ಹಿಂದಿನ ವ್ಯವಸ್ಥೆಯಲ್ಲಿ ನಡೆಯಿತು. ಭೂದಾಖಲೆಯ ಗಣಕೀಕರಣಕ್ಕೆ ಮೊದಲ ಪ್ರಯತ್ನ ನಡೆದದ್ದು 1991ರಲ್ಲಿ, ಗುಲ್ಬರ್ಗ ಜಿಲ್ಲೆಯಲ್ಲಿ. ಅದು ನೆಲೆಯೂರಲಿಲ್ಲ. ದಾಖಲೆಗಳು ನಿತ್ಯ ತಿದ್ದುಪಡಿಯಾಗುವುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕೈಬರಹವೇ ಮುಂದುವರಿದಿದ್ದರಿಂದ ಗಣಕದಲ್ಲಿದ್ದದ್ದು ಬೇಗನೆ ಹಳಸಿತು. ಭೂಮಿ ಯೋಜನೆ ಈ ಪಾಠ ಕಲಿತಿತ್ತು. ಒಂದು ತಾಲ್ಲೂಕಿನ ಗಣಕ ಕೇಂದ್ರ ತೆರೆದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಕಾಗದದ ಮುಖಚರ್ಯೆಯಲ್ಲಿ ಅಷ್ಟು ಮೃದುವಾಗಿದ್ದ ಯೋಜನೆ ಇಲ್ಲಿ ಮಾತ್ರ ಬಿಗಿ ಹಿಡಿಯಿತು.

ಕೈಬರಹವನ್ನು ನಿಲ್ಲಿಸಿದ್ದು ಮೊದಲ ಬದಲಾವಣೆ, ಎರಡನೆಯದು ಸರದಿ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕಿತು. ಅಧಿಕಾರಿಗಳು ಬೆರಳ ಗುರುತು ಕೊಟ್ಟೇ ಒಳಹೋಗಬೇಕಾದ್ದರಿಂದ ಯಾವ ತಿದ್ದುಪಡಿ ಯಾರದು ಎಂಬುದು ದಾಖಲಾಗತೊಡಗಿತು. ಮೂರನೆಯದು ಎರಡನೆಯ ಪರದೆ. ಕಿಟಕಿಯ ಒಳಗಿನ ಸಿಬ್ಬಂದಿಯ ಮುಂದೆ ಒಂದು, ಹೊರಗೆ ನಿಂತ ರೈತನ ಮುಖಕ್ಕೆ ಇನ್ನೊಂದು. ತನ್ನ ಸರ್ವೆ ನಂಬರು ಒತ್ತುವುದನ್ನು, ತನ್ನ ಹೆಸರು ಮೂಡುವುದನ್ನು ಅವನು ಅಲ್ಲಿಯೇ ನೋಡಬಹುದಾಗಿತ್ತು. ತಲಾಟಿಯ ದಫ್ತರದ ಕಾಲದಲ್ಲಿ ಇದನ್ನು ಊಹಿಸುವುದೂ ಸಾಧ್ಯವಿರಲಿಲ್ಲ. ಈ ಎರಡನೆಯ ಪರದೆಯ ಖರ್ಚು ಅಲ್ಪ, ಅದು ಕೊಟ್ಟ ಮರ್ಯಾದೆ ದೊಡ್ಡದು. ಒಂದು ಪಹಣಿಯ ಶುಲ್ಕ ಆರಂಭದಲ್ಲಿ 15 ರೂಪಾಯಿ ಇತ್ತು.

ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕು ಕೇಂದ್ರಗಳಾದ್ದರಿಂದ ಗಣಕ ಕಿಟಕಿ ಅಲ್ಲಿ ತೆರೆಯಿತು. ಮೂಡಲಗಿ ಅಂದು ಗೋಕಾಕ ತಾಲ್ಲೂಕಿನ ಭಾಗ. ಊರಿನಲ್ಲೇ ಸಿಗುತ್ತಿದ್ದ ಉತಾರಕ್ಕೆ ಅಲ್ಲಿಯ ಹಳ್ಳಿಗರು ಬಸ್ಸು ಹತ್ತಿ ಗೋಕಾಕಕ್ಕೆ ಹೋಗಬೇಕಾಯಿತು. ತಲಾಟಿಯ ಮರ್ಜಿ ತಪ್ಪಿತು, ಒಂದು ದಿನದ ಕೂಲಿಯೂ ತಪ್ಪಿತು. ಮುಂದೆ ನಾಡಕಚೇರಿಗಳು, ಆನ್‌ಲೈನ್ ಪಹಣಿ, 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಬಂದ ಮೇಲೆ ಈ ದೂರ ಕಡಿಮೆಯಾಯಿತು.

ಕೀಲಿಮಣೆ

ಇದೇ ಕಾಲದಲ್ಲಿ ಕನ್ನಡ ಗಣಕಲೋಕದ ಇನ್ನೊಂದು ನಿರ್ಧಾರವೂ ರೂಢಿ ಮತ್ತು ಹೊಸತನದ ನಡುವಿನ ಈ ಸಮತೋಲನದ್ದೇ. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಣುಕುಗಳಿಗೆ ಜಾಗವಿತ್ತು. ಅದನ್ನು ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕಿತ್ತು. ಕೆ.ಪಿ. ರಾವ್ ಅವರ ವಿನ್ಯಾಸ ಇಂಗ್ಲಿಷ್ ಕೀಲಿಮಣೆಯನ್ನು ಹಾಗೆಯೇ ಬಿಟ್ಟು, ‘ಕೆ’ ಗುಂಡಿಗೆ ಕ, ಶಿಫ್ಟ್ ಒತ್ತಿದರೆ ಖ ಎಂದು ಹಂಚಿತು. ಒತ್ತಕ್ಷರಕ್ಕೆ ‘ಎಫ್’ ಗುಂಡಿಯನ್ನು ಕೊಂಡಿಯಾಗಿಸಿದ್ದು ಮಾತ್ರ ಹೊಸದಾಗಿ ಕಲಿಯಬೇಕಾದದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಹಬ್ಬಿದ ಈ ವಿನ್ಯಾಸವನ್ನು ರಾಜ್ಯ ಸರ್ಕಾರ ಪ್ರಮಾಣಿತವೆಂದು ಒಪ್ಪಿಕೊಂಡಿತು.

ರೈತನ ಕೈಗೆ ಫೋನು

2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯನ್ನು ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪ್ ಬಂತು. ತನ್ನ ಸರ್ವೆ ನಂಬರಿನ ಗಡಿಯೊಳಗೆ ನಿಂತು, ಬೆಳೆ ಆಯ್ದು, ಫೋಟೊ ತೆಗೆದು ಕಳಿಸಬೇಕು. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿಗೆ ಈ ಮಾಹಿತಿಯೇ ಆಧಾರ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿದ್ದನ್ನು ಕಂಡ ಸೀಮೆಗೆ ಹೊಲದಲ್ಲಿ ಏನು ಬೆಳೆ ಇತ್ತು ಎಂಬ ದಾಖಲೆಯ ಬೆಲೆ ಹೇಳಿಕೊಡಬೇಕಿಲ್ಲ.

ಭೂಮಿ ಯೋಜನೆಯಲ್ಲಿ ಹೊಸ ಕೆಲಸವೆಲ್ಲ ಸಿಬ್ಬಂದಿಯ ಪಾಲಿಗಿತ್ತು. ಇಲ್ಲಿ ಅದು ರೈತನ ಪಾಲಿಗೆ ಬಂತು. ಆ್ಯಪ್ ಅವನಿಗೆ ಒದಗಿಸುವ ಹಿಡಿಕೆ ಒಂದೇ: ಸರ್ವೆ ನಂಬರು, ಹಿಸ್ಸಾ. ಅದು ಬಾಯಿಪಾಠವಿದ್ದವನು ಉಳಿದದ್ದನ್ನು ಹೇಗೋ ದಾಟುತ್ತಾನೆ. ಕರ್ನಾಟಕದ ದಿಶಾಂಕ್ ಆ್ಯಪ್ ಕೂಡ ನಿಂತ ಜಾಗವನ್ನು ಉಪಗ್ರಹದಿಂದ ಗುರುತಿಸಿ, ಕೊನೆಗೆ ಹೇಳುವುದು ಅದೇ ಸರ್ವೆ ನಂಬರನ್ನು.

ಜನ ಬಲ್ಲ ಗುರುತನ್ನು ಕಾಯುವ ಈ ಎಚ್ಚರ ಎಲ್ಲೆಡೆ ಉಳಿದಿಲ್ಲ. ಆನ್‌ಲೈನ್ ಪಹಣಿಯ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆಯ್ದು ಸರ್ವೆ ನಂಬರು ಕೊಟ್ಟ ಮೇಲೆ ‘ಸರ್ನಾಕ್’ ಎಂಬ ಇನ್ನೊಂದು ಆಯ್ಕೆ ಎದುರಾಗುತ್ತದೆ. ಬಹಳ ಸಲ ಅಲ್ಲಿರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ದತ್ತಾಂಶದ ಒಳಗಿನ ಅಗತ್ಯವೊಂದು ಜನರ ಮುಂದೆ ಬಂದು ನಿಂತ ರೀತಿ ಇದು. ಮೊದಲ ಸಲ ನೋಡಿದವರು ಅಲ್ಲಿಯೇ ನಿಂತುಬಿಡುತ್ತಾರೆ. ತಾಲ್ಲೂಕಿನ ಆಯ್ಕೆಯಲ್ಲೂ ತೊಡಕಿದೆ. ಮೂಡಲಗಿ ಈಗ ಪ್ರತ್ಯೇಕ ತಾಲ್ಲೂಕು. ಆ ಭಾಗದ ಹಳೆಯ ಖರೀದಿಪತ್ರ, ಸಾಲದ ಕಾಗದಗಳಲ್ಲಿ ಮಾತ್ರ ತಾಲ್ಲೂಕು ಗೋಕಾಕ ಎಂದೇ ಬರೆದಿರುತ್ತದೆ. ಹಳೆಯ ಹೆಸರಿನಿಂದ ಹುಡುಕಿದವನನ್ನು ಹೊಸ ತಾಲ್ಲೂಕಿನ ಪಟ್ಟಿಗೆ ದಾಟಿಸುವ ಒಂದು ಸೂಚನೆ ಇಂಥ ಕಡೆ ಇರಬೇಕು.

ರೂಢಿಯ ಮಿತಿ

ಇದ್ದದ್ದನ್ನು ಇದ್ದಂತೆ ಉಳಿಸುವುದರಲ್ಲಿ ತಪ್ಪುಗಳೂ ಉಳಿಯುತ್ತವೆ. ಕೈಬರಹದಿಂದ ಗಣಕಕ್ಕೆ ತರುವಾಗ ಒಂಬತ್ತನೆಯ ಕಾಲಂನಲ್ಲಿದ್ದ ಹೆಸರುಗಳು ಬಹುಮಟ್ಟಿಗೆ ಹಾಗೆಯೇ ದಾಟಿಬಂದವು. ತೀರಿಹೋದವರ ಹೆಸರು, ಒಂದೇ ನಂಬರಿನಲ್ಲಿ ಹಲವರು ಜಂಟಿಯಾಗಿರುವ ಖಾತೆ, ಪೋಡಿಯಾಗದ (ಅಳೆದು ಬೇರ್ಪಡಿಸದ) ಹಿಸ್ಸೆಗಳು ಅವುಗಳಲ್ಲಿ ಸೇರಿದ್ದವು. ಕಾಲುವೆ ನೀರು ಬಂದು ಕಬ್ಬಾದ ಹೊಲದಲ್ಲಿ ಬೆಳೆಯುವವನು ಮೊಮ್ಮಗ, ಉತಾರದಲ್ಲಿರುವವನು ಅಜ್ಜ ಎಂದಾದರೆ ಬೆಳೆಸಾಲ ಹುಟ್ಟುವುದಿಲ್ಲ. ವಾರಸಾ ಮಾಡಿಸದೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ತರದೆ, ಈ ಗಂಟು ಬಿಚ್ಚುವುದಿಲ್ಲ. ಅದಕ್ಕೆ ಮರಣ ಪ್ರಮಾಣಪತ್ರ, ವಂಶಾವಳಿ ಬೇಕು. ಸತ್ತವರ ಹೆಸರಿನಲ್ಲಿ ಉಳಿದ ಖಾತೆಗಳನ್ನು ವಾರಸುದಾರರಿಗೆ ವರ್ಗಾಯಿಸುವ ಪೌತಿ ಖಾತೆಯ ಕೆಲಸವನ್ನು ಕಂದಾಯ ಇಲಾಖೆ ಈಗಲೂ ಅಭಿಯಾನಗಳ ಮೂಲಕ ನಡೆಸುತ್ತಿದೆ.