ಒಂದೇ ಸಿಂಫನಿ, ಹಲವು ಕೈ

1913ರ ನವೆಂಬರ್‌ನಲ್ಲಿ ಕಂಡಕ್ಟರ್ ಆರ್ಥರ್ ನಿಕಿಶ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ಬೀಥೊವನ್‌ನ ಐದನೇ ಸಿಂಫನಿಯನ್ನು ಪೂರ್ತಿಯಾಗಿ ನುಡಿಸಿ ಧ್ವನಿಮುದ್ರಿಸಿದರು. ಆಗಿನ್ನೂ ಮೈಕ್ ಬಂದಿರಲಿಲ್ಲ. ವಾದಕರು ದೊಡ್ಡ ಕೊಳವೆಯೊಂದರ ಬಾಯಿಯ ಮುಂದೆ ಒತ್ತೊತ್ತಾಗಿ ಕೂತು ನುಡಿಸಬೇಕಿತ್ತು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷದ ಸಂಗೀತ. ಹಾಗಾಗಿ ಇಡೀ ಕೃತಿಗೆ ಎಂಟು ಮಗ್ಗುಲು ಬೇಕಾದವು.

ನಿಕಿಶ್ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಬಂದ ಫುರ್ಟ್‌ವೆಂಗ್ಲರ್ ಅದೇ ಆರ್ಕೆಸ್ಟ್ರಾದೊಂದಿಗೆ 1926ರಲ್ಲಿ ಒಮ್ಮೆ, 1937ರಲ್ಲಿ ಮತ್ತೊಮ್ಮೆ ಅದೇ ಸಿಂಫನಿಯನ್ನು ಮುದ್ರಿಸಿದರು. ಆಮೇಲಿನ ಸರದಿ ಕಾರಯಾನ್ ಅವರದು. ಅಲ್ಲಿಯವರೆಗೆ ನೆನಪಿನಲ್ಲಷ್ಟೇ ಆಗುತ್ತಿದ್ದ ಹೋಲಿಕೆ ಈಗ ಕಿವಿಯ ಕೆಲಸವಾಯಿತು.

ಮೊದಲ ನಾಲ್ಕು ಸ್ವರಗಳಲ್ಲೇ ಕಂಡಕ್ಟರ್ ಯಾರೆಂದು ಗೊತ್ತಾಗಿಬಿಡುತ್ತದೆ. ಮೂರು ಗಿಡ್ಡ, ಒಂದು ನೀಳ. ಆ ನೀಳ ಸ್ವರದ ಮೇಲೆ 'ಇಲ್ಲಿ ನಿಲ್ಲು' ಎಂಬ ಗುರುತಿದೆ, ಎಷ್ಟು ಹೊತ್ತು ಎಂಬುದು ಮಾತ್ರ ಇಲ್ಲ. ಫುರ್ಟ್‌ವೆಂಗ್ಲರ್ ಅಲ್ಲಿ ಭಾರವಾಗಿ ತಂಗುತ್ತಾರೆ, ಮುಂದೆಯೂ ಲಯವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಹೋಗುತ್ತಾರೆ. ಇನ್ನೊಬ್ಬ ಕಂಡಕ್ಟರ್ ತೊಸ್ಕನಿನಿಯದು ಬಿಗಿ, ಓಟ. 1817ರಲ್ಲಿ ಬೀಥೊವನ್ ತಾನೇ ಪ್ರಕಟಿಸಿದ ಮೆಟ್ರೊನೋಮ್ ಅಂಕಿ ನಿಮಿಷಕ್ಕೆ 108 ಬಡಿತ, ಬಹಳ ವೇಗದ್ದು. ಬರಹದ ಪ್ರಕಾರ ತೊಸ್ಕನಿನಿಯೇ ಹತ್ತಿರ.

ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಮಾತ್ರ ತೊಸ್ಕನಿನಿಯ ಈ ಓಟವನ್ನು ಒಪ್ಪಲಿಲ್ಲ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಈ ಮಹಾರಾಜರ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಭಾರೀ ಸಂಗ್ರಹವಿತ್ತು. ಅದನ್ನು ಕಣ್ಣಾರೆ ಕಂಡು ಬೆರಗಾದವರು ಲಂಡನ್ನಿನ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್. ಅವರಿಗೆ ಬರೆದ ಪತ್ರಗಳಲ್ಲಿ ಮಹಾರಾಜರು ತೊಸ್ಕನಿನಿಯ ಬೀಥೊವನ್ ಅತಿ ಉದ್ರೇಕದ್ದೆಂದು ಖಂಡಿಸಿ ಫುರ್ಟ್‌ವೆಂಗ್ಲರ್‌ರನ್ನು ಮೆಚ್ಚಿದರು. ಸುಮ್ಮನೆ ಅಭಿಪ್ರಾಯ ಹೇಳಿ ಕೂತವರಲ್ಲ ಅವರು. ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಹಣ ಕೊಟ್ಟರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು ಅವರ ನೆರವಿನಿಂದ. ಅಂದು ಆರ್ಕೆಸ್ಟ್ರಾ ನಡೆಸಿದವರೂ ಫುರ್ಟ್‌ವೆಂಗ್ಲರ್.

ಐದನೇ ಸಿಂಫನಿಯ ರೆಕಾರ್ಡುಗಳನ್ನು ಹೋಲಿಸಿ ಕೇಳುವವರು ಕಾದು ಕೂರುವ ಇನ್ನೊಂದು ಜಾಗ ಮೊದಲ ಭಾಗದಲ್ಲೇ ಇದೆ. ಎರಡನೇ ರಾಗವನ್ನು ಕರೆತರುವ ಕೂಗು ಮೊದಲ ಸಲ ಹಾರ್ನ್‌ಗಳದು. ಅದೇ ಕೂಗು ಮುಂದೆ ಬೇರೆ ಶ್ರುತಿಯಲ್ಲಿ ಮರಳಿದಾಗ ಬೀಥೊವನ್ ಅದನ್ನು ಬಸೂನ್‌ಗಳಿಗೆ ಕೊಟ್ಟ. ಆ ಕಾಲದ ಹಾರ್ನ್‌ನಲ್ಲಿ ಶ್ರುತಿ ಬದಲಿಸಬೇಕೆಂದರೆ ಕೊಳವೆಯ ತುಂಡನ್ನೇ ಕಳಚಿ ಬೇರೆಯದನ್ನು ಜೋಡಿಸಬೇಕಿತ್ತು. ಹಾರ್ನ್‌ಗೆ ವಾಲ್ವ್ ಬಂದ ಮೇಲೆ ಈ ಅಡ್ಡಿ ಹೋಯಿತು, ಹಲವು ಕಂಡಕ್ಟರ್‌ಗಳು ಬಸೂನ್ ಬಿಟ್ಟು ಹಾರ್ನ್‌ಗೇ ಕೊಟ್ಟರು. ಅದರ ಗತ್ತು ದೊಡ್ಡದು, ನಿಜ. ಆದರೂ 1994ರಲ್ಲಿ ಜಾನ್ ಎಲಿಯಟ್ ಗಾರ್ಡಿನರ್ ಹಳೆಯ ಮಾದರಿಯ ವಾದ್ಯಗಳಿಂದ ಮುದ್ರಿಸಿದ ರೆಕಾರ್ಡಿನಲ್ಲಿ ಬಸೂನ್‌ಗಳ ಆ ಒರಟು ದನಿ ಕೇಳಿದವರಿಗೆ ಹಾರ್ನ್‌ನ ಕೊರತೆ ಕಾಡುವುದಿಲ್ಲ.