ಫೋನ್ ಬೇರೆ, ಫೋನೋ ಬೇರೆ

ನಮ್ಮ ಹೆಬ್ಬಗೋಡಿಯಲ್ಲಿ ಗಣೇಶನ ಹಬ್ಬದ ರಾತ್ರಿ. ಚಿಕ್ಕ ಮಕ್ಕಳು ಡ್ಯಾನ್ಸಿಗೆ ಸಾಲಾಗಿ ನಿಂತಿದ್ದರು. ಹಾಡು ನನ್ನ ಮೊಬೈಲಿನಲ್ಲಿತ್ತು, ಮೈಕ್‌ಸೆಟ್ ಅಣ್ಣ ಊಟಕ್ಕೆ ಹೋಗಿದ್ದರು. ಹಳೇ ಆಂಪ್ಲಿಫೈಯರಿನ ಹಿಂದೆ ‘ಫೋನೋ’ ಅಂತ ಬರೆದಿತ್ತು. ಫೋನಿಗೇ ಇರಬೇಕು ಅಂದುಕೊಂಡು ವೈರ್ ಚುಚ್ಚಿದೆ. ಹಾಡಿನ ಬದಲು ಗೊರಗೊರ ಸದ್ದು ಸಿಡಿಯಿತು. ಒಂದು ಮಗು ಹೆದರಿ ಅಳುತ್ತಾ ಸ್ಟೇಜ್ ಇಳಿದೇಬಿಟ್ಟಿತು.

ಅಣ್ಣ ಓಡಿ ಬಂದು ಪಿನ್ ಕಿತ್ತು ‘ಆಕ್ಸ್’ ಅಂತ ಬರೆದಿದ್ದ ಕಡೆ ಹಾಕಿದರು. “ಅದು ಫೋನಿಗಲ್ಲ ಕಣಪ್ಪ, ಪ್ಲೇಟ್ ಹಾಕೋ ಗ್ರಾಮಫೋನಿಗೆ” ಅಂದರು.

ಫೋನೋ ಅಂದರೆ ಫೋನೋಗ್ರಾಫ್. ಎಡಿಸನ್ 1877ರಲ್ಲಿ ಮಾಡಿದ, ದನಿ ಹಿಡಿದಿಡುವ ಯಂತ್ರದ ಹೆಸರು. ಪ್ಲೇಟಿನ ಮುಳ್ಳಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಹಾಗಾಗಿ ಫೋನೋ ಸಾಕೆಟ್ ಅದನ್ನು ವಿಪರೀತ ಹಿಗ್ಗಿಸುತ್ತದೆ, ಬೇಸ್ ಕೂಡ ಏರಿಸುತ್ತದೆ. ಮೊಬೈಲಿನ ಸಿಗ್ನಲ್ ಮೊದಲೇ ಜೋರು. ಸದ್ದು ಒಡೆಯದೆ ಇನ್ನೇನಾದೀತು?

ಅಲ್ಲಿ ಚುಚ್ಚುವ ಕೆಂಪು-ಬಿಳಿ ಪಿನ್ನಿಗೂ ‘ಫೋನೋ’ ಅನ್ನುತ್ತಾರೆ. ಪ್ಲೇಟ್ ಹಾಕುವ ಯಂತ್ರವನ್ನು ರೇಡಿಯೋಗೆ ಜೋಡಿಸಲು ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ 1930-40ರ ದಶಕಗಳಲ್ಲಿ ತಂದದ್ದು ಅದು. ಕಂಪನಿಯ ಹೆಸರಿನಿಂದ ಅದಕ್ಕೆ ‘ಆರ್‌ಸಿಎ’ ಅಂತಲೂ ಹೆಸರಾಯಿತು.

‘ಫೋನ್ ಪ್ಲಗ್’ ಮಾತ್ರ ಬೇರೆಯೇ. ಅದು 6.35 ಮಿ.ಮೀ.ನ ದಪ್ಪ ಪಿನ್. 19ನೇ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರುಗಳು ಬೋರ್ಡಿಗೆ ಇಂಥದ್ದನ್ನೇ ಚುಚ್ಚಿ ಒಬ್ಬರ ಲೈನನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಈಗ ಅದು ಗಿಟಾರಿಗೆ, ಮೈಕಿಗೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ‘ಪಿ-38’ ಅಂದರೆ ಇದೇ.

ಇದರ ತಮ್ಮ 3.5 ಮಿ.ಮೀ. ಪಿನ್. ಟ್ರಾನ್ಸಿಸ್ಟರ್ ರೇಡಿಯೋ ಜೊತೆ ಬಂತು, 1979ರ ವಾಕ್‌ಮನ್ ಬಂದ ಮೇಲೆ ಎಲ್ಲರ ಕೈಗೂ ಸಿಕ್ಕಿತು. ಅಂಗಡಿಯವರಿಗೆ ಅದು ‘ಇಪಿ’, ಕಾರಿನವರಿಗೆ ‘ಆಕ್ಸ್’. ನಿಜವಾಗಿ ಆಕ್ಸ್ ಅನ್ನುವುದು ಪಿನ್ನಿನ ಹೆಸರಲ್ಲ, ಹೊರಗಿನ ಸಾಧನ ಜೋಡಿಸಲು ಬಿಟ್ಟಿರುವ ಜಾಗದ ಹೆಸರು.

ಮೂರು ಕಡ್ಡಿಯ ಮೈಕ್ ಪಿನ್ನಿಗೆ ‘ಕ್ಯಾನನ್’ ಅನ್ನುತ್ತೇವಲ್ಲ, ಅದು 1915ರಲ್ಲಿ ಅಮೆರಿಕದಲ್ಲಿ ಕಂಪನಿ ಕಟ್ಟಿದ ಜೇಮ್ಸ್ ಕ್ಯಾನನ್ ಹೆಸರು. ಕ್ಯಾಮೆರಾ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಪ್ಯಾಕೆಟ್ ಮೇಲೆ ‘ಎಕ್ಸ್‌ಎಲ್‌ಆರ್’ ಅಂತಿರುತ್ತದೆ.

ಒಂದಕ್ಕೆ ಕಂಪನಿ ಹೆಸರು, ಇನ್ನೊಂದಕ್ಕೆ ಕೆಲಸದ ಹೆಸರು, ಮತ್ತೊಂದಕ್ಕೆ ಅಳತೆ. ಗೊಂದಲ ನಮ್ಮ ದಡ್ಡತನದಿಂದ ಬಂದದ್ದಲ್ಲ. 1976ರಲ್ಲಿ ಶುರುವಾದ ಕಿಯೋನಿಕ್ಸ್ ನಮ್ಮ ಪಕ್ಕದಲ್ಲೇ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿತು, ಆದರೆ ಈ ಹೆಸರುಗಳು ಅದಕ್ಕಿಂತ ಎಷ್ಟೋ ಹಳೆಯವು.

ಅಂಗಡಿಗೆ ಹೋಗುವಾಗ ಹೆಸರೊಂದನ್ನೇ ನಂಬಬೇಡಿ. ಹಳೇ ಪಿನ್ ತೋರಿಸಿ, ಯಾವುದರಿಂದ ಯಾವುದಕ್ಕೆ ಜೋಡಿಸಬೇಕು ಅಂತ ಹೇಳಿ. ಚುಚ್ಚುವ ಮೊದಲು ವಾಲ್ಯೂಮ್ ಇಳಿಸಿ.

ಆ ಮಗು ಆ ರಾತ್ರಿ ಮತ್ತೆ ಸ್ಟೇಜ್ ಹತ್ತಲಿಲ್ಲ. ಅದಕ್ಕೇ ಇದನ್ನು ಬರೆದೆ.